ತಾನಾಗಿ ಹುಳಿಯಾದದ್ದು

ಮೊನ್ನೆ ಶುಕ್ರವಾರ ಊರಿನಿಂದ ಫೋನ್ ಮಾಡಿದ ಜುಬೇದಾ, ಎಂದಿನ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಬರುವಾಗ ಒಂದು ಬಾಟ್ಲಿ ಖರ್ಜೂರದ ವಿನೆಗರ್ ತನ್ನಿ ಮಾರಾಯ್ರೆ. ಯೂಟ್ಯೂಬಿನಲ್ಲಿ ಒಬ್ಬಳು ಅದರಲ್ಲಿ ಮೀನಿನ ಉಪ್ಪಿನಕಾಯಿ ಹಾಕಿದ್ದಾಳೆ, ಬಾರೀ ಲಾಯ್ಕ್ ಉಂಟಂತೆ" ಎಂದಳು. ಬರುವುದು ಯಾವಾಗ ಎಂದು ಮಾತ್ರ ಕೇಳಲಿಲ್ಲ. ನನ್ನ ಹೆಂಡತಿ ಆ ಪ್ರಶ್ನೆ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಉತ್ತರ ಹುಡುಕುವ ಕೆಲಸ ತಪ್ಪಿತಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಸಂಜೆ ಇಲ್ಲಿ ರಿಯಾದಿನ ಒಲಾಯಾ ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಹೋದೆ. ವಿನೆಗರಿಗೆಂದೇ ಅಲ್ಲಿ ಒಂದು ಕಪಾಟು ಮೀಸಲು. ಸೇಬಿನದು, ಖರ್ಜೂರದ್ದು, ದಾಳಿಂಬೆಯದು, ಕೊನೆಗೆ ನೀರಿನಷ್ಟು ತಿಳಿಯಾದ ಬಿಳಿಯದು. ಆ ಬಿಳಿಯದರಲ್ಲಿ ನಮ್ಮ ರೂಮಿನವರು ಬಚ್ಚಲು ತೊಳೆಯುತ್ತಾರೆ. ಜುಬೇದಾ ಹೇಳಿದ ಬಾಟಲಿಯನ್ನು ಕೈಗೆತ್ತಿಕೊಂಡವನು ಅಲ್ಲೇ ನಿಂತುಬಿಟ್ಟೆ. ಅದಕ್ಕೆ ಒಂದು ಕಾರಣ ಆಯಾಸ. ಇತ್ತೀಚೆಗೆ ನಾನು ಎಲ್ಲಿ ನಿಂತರೂ ಸ್ವಲ್ಪ ಹೆಚ್ಚೇ ನಿಲ್ಲುತ್ತೇನೆ. ಕೂತಲ್ಲಿಂದ ಏಳಬೇಕಾದರೆ 'ಯಾ ಅಲ್ಲಾಹ್' ಅನ್ನದೆ ಮಂಡಿ ಬಿಚ್ಚುವುದಿಲ್ಲ. ಇನ್ನೊಂದು ಕಾರಣ, ವಿನೆಗರ್ ಕಂಡಾಗ ನನಗೆ ಇಬ್ಬರ ನೆನಪಾಗುತ್ತದೆ. ಒಬ್ಬರು ಕಾಪುವಿನ ನಮ್ಮ ನೆರೆಮನೆಯ ಸಿಸಿಲಿಯಾ ಬಾಯಿ, ಇನ್ನೊಬ್ಬರು ಫ್ರಾನ್ಸಿನ ಒಬ್ಬ ಮುದುಕರು.

ನಮ್ಮ ಕರಾವಳಿಯ ಅಡುಗೆಗೆ ಹುಳಿಯ ಬರ ಎಂದೂ ಇರಲಿಲ್ಲ. ಬಂಗುಡೆಗೆ ಹುಣಸೆ, ಬೂತಾಯಿಗೆ ಬಿಂಬುಳಿ, ಬೇಸಗೆಯ ಉರಿಗೆ ಪುನರ್ಪುಳಿ. ವಿನೆಗರ್ ಮಾತ್ರ ನಮ್ಮ ಬ್ಯಾರಿಗಳ ಅಡುಗೆಮನೆ ಹೊಕ್ಕಿರಲಿಲ್ಲ. ಅದು ಪಾಗಾರದಾಚೆಯ ಸಿಸಿಲಿಯಾ ಬಾಯಿಯ ಆಸ್ತಿ. ಅವರು ಕಳ್ಳನ್ನು ಕಂದು ಭರಣಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ತಳ್ಳಿ ಮರೆತುಬಿಡುತ್ತಿದ್ದರು. ಮುಂದೆ ಅದರಿಂದ ಸಿಗಡಿ ಉಪ್ಪಿನಕಾಯಿ ಹುಟ್ಟುತ್ತಿತ್ತು. ಅದರ ಘಾಟಿಗೆ ನನ್ನ ಮೂಗು ಅರಳಿ, ಪಾಗಾರ ಹಾರುವುದು ನನಗೆ ನಮಾಜಿನಷ್ಟೇ ನಿತ್ಯದ ಕೆಲಸವಾಗಿತ್ತು. ನಮಾಜಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ ಎಂದು ಉಮ್ಮ ಹೇಳುತ್ತಿದ್ದರು.

ಒಂದು ದಿನ ಮದ್ರಸದಲ್ಲಿ ಉಸ್ತಾದರು ಹೆಂಡ ಹರಾಮು ಎಂಬ ಪಾಠ ಮಾಡಿದರು. ನನ್ನ ಹೊಟ್ಟೆಯೊಳಗಿನ ಸಿಗಡಿಗಳೆಲ್ಲ ಎದ್ದು ಕೂತವು. ಹೆದರುತ್ತ ಹೆದರುತ್ತ, ಕಳ್ಳು ವಿನೆಗರ್ ಆದರೆ ಎಂತ ಉಸ್ತಾದ್ ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿ ಹೇಳಿದರು: "ತಾನಾಗಿ ಆದದ್ದಾದರೆ ತಿನ್ಲಿಕ್ಕೆ ಅಡ್ಡಿಯಿಲ್ಲ. ಯಾರಾದ್ರೂ ಎಂತಾದ್ರೂ ಹಾಕಿ ಮಾಡಿದ್ದಾದ್ರೆ ಅದು ಶುದ್ಧ ಆಗುವುದಿಲ್ಲ." ನಾವು ಶಾಫಿ ಪಂಥದವರು, ನಮ್ಮಲ್ಲಿ ಕಟ್ಟಳೆ ಹಾಗೆ. ಮದ್ರಸ ಬಿಟ್ಟ ಕೂಡಲೇ ಓಡಿದವನು ಸಿಸಿಲಿಯಾ ಬಾಯಿಯ ಮುಂದೆ ನಿಂತು, ಅದನ್ನು ನೀವು ಮಾಡಿದ್ದಾ, ತಾನೇ ಆದದ್ದಾ ಎಂದು ವಕೀಲನ ಹಾಗೆ ಕೇಳಿದೆ. "ನಾನೆಂತ ಮಾಡ್ಲಿಕ್ಕುಂಟು ಪುತಾ," ಎಂದು ಅವರು ಸೊಂಟಕ್ಕೆ ಕೈ ಕೊಟ್ಟು ನಕ್ಕರು, "ಇಟ್ಟು ಮರೆತ್ರೆ ಅದೇ ಹುಳಿ ಆಗ್ತದೆ. ಮನುಷ್ಯರೂ ಹಾಗೇ ಅಲ್ವಾ?" ಕೊನೆಯ ಮಾತು ಆಗ ನನಗೆ ಬೇಕಾಗಿರಲಿಲ್ಲ. ಸ್ವರ್ಗವೂ ಸಿಗಡಿಯೂ ಎರಡೂ ಉಳಿದ ಸಂತೋಷದಲ್ಲಿ ಆ ದಿನ ಎರಡು ಪಾಲು ತಿಂದೆ.

ಈಗ ಫ್ರಾನ್ಸಿಗೆ ಬರುತ್ತೇನೆ. ನಾನು ಫ್ರಾನ್ಸಿಗೆ ಹೋದವನಲ್ಲ. ಫ್ರಾನ್ಸೇ ರಿಯಾದಿನ ನಮ್ಮ ಆಫೀಸಿಗೆ ಬಂದಿತ್ತು. ಕಟ್ಟಡಗಳ ಲೆಕ್ಕಾಚಾರ ಮಾಡುವ ಇಂಜಿನಿಯರುಗಳ ಆಫೀಸು ನಮ್ಮದು. ನನ್ನ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಅರ್ಥ ಇಷ್ಟೇ: ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದರೆ ಹಮೀದ್, ಏಸಿ ಕೆಟ್ಟರೆ ಹಮೀದ್, ದೊಡ್ಡವರು ವಿಮಾನದಲ್ಲಿ ಬಂದಿಳಿದರೆ ಹಮೀದ್. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಎತಿಯೆನ್ ಎಂಬ ಫ್ರೆಂಚ್ ಇಂಜಿನಿಯರ್ ಬಂದ. ಎತ್ತರದ, ಬಾಗಿದ ಬೆನ್ನಿನ, ನಲವತ್ತು ದಾಟಿದ ಮನುಷ್ಯ. ಊಟದ ಬಿಡುವಿನಲ್ಲಿ ನನ್ನ ಮೇಜಿನ ಎದುರು ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಊರಿನ ಕತೆ ಹೇಳುವುದು ಅವನ ಅಭ್ಯಾಸವಾಯಿತು. ಊರಿನ ಕತೆಯೆಂದರೆ ಅವನಿಗೆ ವೈನಿನ ಕತೆ.

ಲುವಾರ್ ಎಂಬ ನದಿಯ ದಂಡೆಯಲ್ಲಿ ಅವರ ದ್ರಾಕ್ಷಿ ತೋಟ. ಅಜ್ಜನ ಅಜ್ಜನ ಕಾಲದಿಂದ ಅವರ ಮನೆಯಲ್ಲಿ ಬಿಳಿ ವೈನ್ ಮಾಡುತ್ತಾರೆ. ಸುಣ್ಣದ ಕಲ್ಲಿನ ಗುಡ್ಡವನ್ನೇ ಕೊರೆದು ನೆಲಮಾಳಿಗೆ ಮಾಡಿ ಅಲ್ಲಿ ಮರದ ಪೀಪಾಯಿಗಳನ್ನು ಸಾಲಾಗಿ ಮಲಗಿಸಿದ್ದಾರೆ. ಈ ವೈನಿನ ವಿಶೇಷವೇನೆಂದರೆ ಎಳೆಯದರಲ್ಲಿ ಅದಕ್ಕೆ ರುಚಿಯಿಲ್ಲ, ಹಲ್ಲಿಗೆ ಚಳಿ ಹಿಡಿಸುವ ಹುಳಿ. ಸೀಸೆಗೆ ತುಂಬಿ ಹದಿನೈದು ಇಪ್ಪತ್ತು ವರ್ಷ ಕತ್ತಲಲ್ಲಿ ಬಿಟ್ಟರೆ ಬಣ್ಣ ಬಂಗಾರಕ್ಕೆ ತಿರುಗಿ ಜೇನಿನ ವಾಸನೆ ಬರುತ್ತದಂತೆ. ಅಜ್ಜ ಇಟ್ಟದ್ದನ್ನು ಮಗ ಮಾರುವುದು, ಮಗ ಇಟ್ಟದ್ದನ್ನು ಮೊಮ್ಮಗ. ತಾನು ಮಾಡಿದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ಪೂರ್ತಿ ತಿಳಿಯುವ ಮೊದಲೇ ಮಾಡಿದವನು ಮಣ್ಣಿಗೆ ಹೋಗಿರುತ್ತಾನೆ. ಗಲ್ಫಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವವರ ಪಾಡೂ ಹೆಚ್ಚುಕಡಿಮೆ ಇದೇ ಎಂದೆ. ಎತಿಯೆನ್ ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದ.

ಪೀಪಾಯಿಯಲ್ಲಿರುವಷ್ಟು ಕಾಲ ವೈನಿಗೆ ಬಾಣಂತಿಯ ಹಾಗೆ ಆರೈಕೆ ಬೇಕು. ಮರ ಸ್ವಲ್ಪ ಸ್ವಲ್ಪವೇ ವೈನನ್ನು ಕುಡಿಯುತ್ತದೆ, ಮೇಲೆ ಖಾಲಿ ಜಾಗ ಉಂಟಾಗುತ್ತದೆ, ಅಲ್ಲಿ ಗಾಳಿ ಕೂತರೆ ಎಲ್ಲ ಹುಳಿಯಾಗಿ ಕೆಟ್ಟಂತೆ. ಆದ್ದರಿಂದ ವಾರವಾರವೂ ಯಾರಾದರೂ ವೈನ್ ತುಂಬಿದ ಕ್ಯಾನ್ ಹೆಗಲ ಮಟ್ಟಕ್ಕೆ ಎತ್ತಿ ಪ್ರತಿ ಪೀಪಾಯಿಯನ್ನೂ ಕಂಠಮಟ್ಟ ತುಂಬಿಸಬೇಕು. ಹಾಗೆ ಆರಿಹೋಗುವ ವೈನನ್ನು ಅಲ್ಲಿ ದೇವದೂತರ ಪಾಲು ಎನ್ನುತ್ತಾರಂತೆ. ನಮ್ಮ ದೇವದೂತರಿಗೆ ಆ ಅಭ್ಯಾಸ ಇಲ್ಲ ಮಾರಾಯ ಎಂದೆ. ಆಗ ನಕ್ಕ.

ಹೀಗೆ ಜನ್ಮದಲ್ಲಿ ಒಂದು ಹನಿ ಬಾಯಿಗೆ ಸೋಕಿಸದ ನಾನು ಬಿಳಿ ವೈನಿನ ವಿಷಯದಲ್ಲಿ ಪಂಡಿತನಾದೆ. ಮಂಗಳೂರಿನ ಯಾವ ಕುಡುಕನಿಗೂ ಗೊತ್ತಿರದಷ್ಟು ನನಗೆ ಗೊತ್ತು. ಈ ಪಾಂಡಿತ್ಯವನ್ನು ಪ್ರದರ್ಶಿಸುವ ಜಾಗ ಮಾತ್ರ ಇಲ್ಲ. ಮಸೀದಿಯ ಜಗಲಿಯಲ್ಲಂತೂ ಸಾಧ್ಯವಿಲ್ಲ.

ಕತೆಯ ಅಡಿಯಲ್ಲಿ ಒಂದು ನೋವಿತ್ತು. ಎತಿಯೆನ್ ಒಬ್ಬನೇ ಮಗ. ತಂದೆ ಮಾರ್ಸೆಲ್‌ಗೆ ಎಂಬತ್ತರ ಹತ್ತಿರ. ಪಕ್ಕದ ದೊಡ್ಡ ಕಂಪನಿಯೊಂದು ತೋಟ, ನೆಲಮಾಳಿಗೆ, ಮನೆತನದ ಹೆಸರು ಎಲ್ಲವನ್ನೂ ಕೊಳ್ಳಲು ಕೇಳುತ್ತಿತ್ತು. ಮಗ ಬಂದು ನೋಡಿಕೊಳ್ಳುವುದಾದರೆ ಕೊಡುವುದಿಲ್ಲ, ಬರುವುದಿಲ್ಲವಾದರೆ ಬರುವ ಕೊಯ್ಲಿನೊಳಗೆ ಕೊಟ್ಟುಬಿಡುತ್ತೇನೆ ಎಂದು ಮುದುಕರ ಹಟ. ಎತ್ತು ಏರಿಗೆ, ಕೋಣ ನೀರಿಗೆ. ಎತಿಯೆನ್ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದ: "ಅಪ್ಪ ಗೂಳಿಯ ಹಾಗೆ ಗಟ್ಟಿಯಾಗಿದ್ದಾರೆ ಹಮೀದ್. ಇನ್ನೂ ಹತ್ತು ವರ್ಷ ಅವರೇ ನಡೆಸಬಲ್ಲರು. ನನ್ನನ್ನು ಹೆದರಿಸಲು ಮಾರುವ ಮಾತು ಆಡುತ್ತಾರೆ. ಈಗ ನೋಡು, ವಿನೆಗರ್ ಬೇರೆ ಮಾಡಲು ಶುರುಮಾಡಿದ್ದಾರಂತೆ, ಪ್ಯಾರಿಸಿನ ಹೋಟೆಲಿನವರಿಗೆ ಬೇಕಂತೆ. ಕೈಲಾಗದವರು ಹೊಸ ವ್ಯಾಪಾರ ಹಿಡಿಯುತ್ತಾರೆಯೇ?"

ನಾನು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿಯುತ್ತಿದ್ದೆ. ಆ ವರ್ಷವೇ ನಮ್ಮಲ್ಲಿ ಕುಟುಂಬ ಇಟ್ಟುಕೊಂಡವರ ಮೇಲೆ ತೆರಿಗೆ ಬಂದು, ಅರ್ಧ ಬಿಲ್ಡಿಂಗು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿತ್ತು. ನಾನೂ ಜುಬೇದಾಳನ್ನೂ ಮಕ್ಕಳನ್ನೂ ಕಳಿಸಿ, ನಾಲ್ಕು ಜನ ಬ್ಯಾಚುಲರುಗಳ ರೂಮಿಗೆ ಹಾಸಿಗೆ ಸಾಗಿಸಿದ್ದೆ. ತಲೆ ನೆರೆತ ಮೇಲೆ ಬ್ಯಾಚುಲರ್ ಆಗುವ ಭಾಗ್ಯ ಗಲ್ಫಿನಲ್ಲಿ ಮಾತ್ರ ಉಂಟು. ಸಾಕಾಗಿಹೋಗಿತ್ತು ನನಗೆ. ಬಟ್ಟೆ ಒಗೆಯುವುದು, ಸರದಿಯ ಅಡುಗೆ, ಇನ್ನೊಬ್ಬನ ಗೊರಕೆ, ಇವೆಲ್ಲದರಲ್ಲಿ ಬಸವಳಿದವನು ಬೇರೆಯವರಿಗೆ ಬುದ್ಧಿ ಹೇಳುವುದಾದರೂ ಯಾವ ಬಾಯಿಯಿಂದ?

ಅಷ್ಟರಲ್ಲಿ ಮಾರ್ಸೆಲ್ ತಾವೇ ರಿಯಾದಿಗೆ ಹೊರಟರು. ಮಗನ ಬಾಯಿಯಿಂದ ಎದುರೆದುರಾಗಿ ಉತ್ತರ ಕೇಳಬೇಕೆಂದು. ವೀಸಾ ಮಾಡಿಸಿದ್ದು ನಾನೇ. ಏನೂ ತರಬೇಡಿ, ಬಟ್ಟೆ ಮಾತ್ರ ಸಾಕು ಎಂದು ಎತಿಯೆನ್ ಫೋನಿನಲ್ಲಿ ಹತ್ತು ಸಲ ಹೇಳಿದ್ದ. ಏಪ್ರಿಲಿನ ಒಂದು ಬೆಳಿಗ್ಗೆ ನಾವಿಬ್ಬರೂ ವಿಮಾನ ನಿಲ್ದಾಣದಲ್ಲಿ ಕಾದು ನಿಂತೆವು. ಪ್ಯಾರಿಸ್ ವಿಮಾನದವರೆಲ್ಲ ಹೊರಬಂದು ಹೋದರು, ಮುದುಕರು ಬರಲಿಲ್ಲ. ಆಮೇಲೆ ಒಬ್ಬ ಸಿಬ್ಬಂದಿ ಹೊರಬಂದು, ಫ್ರಾನ್ಸಿನ ಮುದುಕರ ಕಡೆಯವರು ಯಾರು ಎಂದು ಕೂಗಿದ. ಎತಿಯೆನ್‌ನ ಮುಖ ಬಿಳಿಚಿಕೊಂಡಿತು.

ಒಳಗೆ ಕಸ್ಟಮ್ಸಿನ ಚಿಕ್ಕ ಕೋಣೆ. ಆ ಸೆಖೆಗೂ ಉಣ್ಣೆಯ ಕೋಟು ತೊಟ್ಟು, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಮದುಮಗನ ಹಾಗೆ ನೆಟ್ಟಗೆ ಕೂತಿದ್ದರು ಮುದುಕರು. ಮೇಜಿನ ಮೇಲೆ ಉಣ್ಣೆಯ ಕಾಲುಚೀಲದಿಂದ ಅರ್ಧ ಹೊರಬಂದ ಹಸಿರು ಬಾಟಲಿ. ಅದರ ಮೇಲೆ ಗುಡ್ಡ, ಮನೆ, ದ್ರಾಕ್ಷಿ ಗೊನೆಯ ಚಿತ್ರದ ಲೇಬಲ್. ವೈನ್ ಬಾಟಲಿ ಎಂದು ತಿಳಿಯಲು ಫ್ರೆಂಚ್ ಬರಬೇಕಾಗಿರಲಿಲ್ಲ, ಅದರ ಆಕಾರವೇ ಸಾಕ್ಷಿ ಹೇಳುತ್ತಿತ್ತು. ಹೆಂಡ ತರುವುದು ಈ ದೇಶದಲ್ಲಿ ಅಪರಾಧ.

ಎತಿಯೆನ್ ತಂದೆಯೊಡನೆ ನಾಲ್ಕು ಮಾತು ಬಿರುಸಾಗಿ ಆಡಿ ನನ್ನತ್ತ ತಿರುಗಿದ. "ವಿನೆಗರ್ ಅಂತೆ. ನಿನಗೆ ತಂದದ್ದಂತೆ! ನಮ್ಮ ವೈನ್ ಕುಡಿಯಲಾಗದೆ ಕತೆ ಮಾತ್ರ ಕೇಳುವ ಗೆಳೆಯ ಇದ್ದಾನೆ ಎಂದು ಒಮ್ಮೆ ಹೇಳಿದ್ದೆ. ನಮ್ಮ ಮನೆಯದರಲ್ಲಿ ಅವನು ತಿನ್ನಬಹುದಾದ್ದು ಇದೊಂದೇ ಅನ್ನುತ್ತಾರೆ."

"ಲೇಬಲ್ ಯಾಕೆ ಹಚ್ಚಿದ್ದು?" ಎಂದೆ.

"ನಮ್ಮ ಮನೆಯಿಂದ ಯಾವುದೂ ಹೆಸರಿಲ್ಲದೆ ಹೊರಗೆ ಹೋಗುವುದಿಲ್ಲವಂತೆ."

ಅಧಿಕಾರಿ ಮಧ್ಯವಯಸ್ಸಿನವನು, ದಕ್ಷಿಣದ ಜಿಜಾನ್ ಕಡೆಯ ಮಾತು. ನಾನು ನನಗೆ ಬರುವ ಅರಬಿಯಲ್ಲೆಲ್ಲ ಬೇಡಿಕೊಂಡೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಮೇಲೆಯೇ ನಾನು ಇಷ್ಟು ವರ್ಷ ಈ ದೇಶದಲ್ಲಿ ಅನ್ನ ತಿಂದಿರುವುದು. ಅವನು ಬಿರಡೆ ತೆಗೆದು, ದೂರದಿಂದ ಮೂಸಿ, ಹತ್ತಿರದಿಂದ ಮೂಸಿ, ಕಣ್ಣೊರೆಸಿಕೊಂಡ. "ಖಲ್" ಎಂದ. ಅಂದರೆ ವಿನೆಗರ್. ನಾನು ಉಸಿರು ಬಿಡುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

"ಹಿಂದೆ ಇದು ಹೆಂಡವಾಗಿತ್ತು ಅಲ್ಲವೇ? ಇವರು ಏನಾದರೂ ಹಾಕಿ ಇದನ್ನು ಖಲ್ ಮಾಡಿದರೋ, ತಾನಾಗಿ ಆಯಿತೋ? ತಾನಾಗಿ ಆಗಿದ್ದರೆ ಹಲಾಲ್, ತೆಗೆದುಕೊಂಡು ಹೋಗಿ. ಮಾಡಿದ್ದಾದರೆ ನಾನು ವರದಿ ಬರೆಯಬೇಕು. ಆಮೇಲಿನದು ದೊಡ್ಡವರ ಕೈಲಿ."

ವರದಿ ಎಂದರೆ ಏನೆಂದು ನನಗೆ ಗೊತ್ತು. ಮುದುಕರು ಮಗನ ಮನೆಯ ಹೊಸ್ತಿಲು ತುಳಿಯದೆ ಮುಂದಿನ ವಿಮಾನ ಹತ್ತಬೇಕಾಗಬಹುದು. ತಾನಾಗಿ ಆಯಿತು ಎಂದು ನಾನೇ ಹೇಳಲು ಬಾಯಿ ತೆರೆದೆ. "ನೀನಲ್ಲ. ಅವರು ಹೇಳಲಿ" ಎಂದ ಅಧಿಕಾರಿ.

ಪ್ರಶ್ನೆ ನನ್ನಿಂದ ಇಂಗ್ಲಿಷಿನಲ್ಲಿ ಎತಿಯೆನ್‌ಗೆ, ಅವನಿಂದ ಫ್ರೆಂಚಿನಲ್ಲಿ ತಂದೆಗೆ ಹೋಯಿತು. ಮುದುಕರು ಗದ್ದ ಎತ್ತಿ ಚಿಕ್ಕದಾಗಿ ಉತ್ತರಿಸಿದರು.

"ನಾನೇ ಮಾಡಿದ್ದು ಅನ್ನುತ್ತಾರೆ. ಜೀವಮಾನವಿಡೀ ವೈನ್ ಮಾಡಿದವನ ನೆಲಮಾಳಿಗೆಯಲ್ಲಿ ಯಾವುದೂ ತಾನಾಗಿ ಹುಳಿಯಾಗುವುದಿಲ್ಲವಂತೆ."

ಆ ಉತ್ತರವನ್ನು ನಾನು ಅರಬಿಗೆ ದಾಟಿಸಲಿಲ್ಲ. ಎತಿಯೆನ್‌ಗೆ ನಮ್ಮ ಕಟ್ಟಳೆಯನ್ನು ನಿಧಾನವಾಗಿ ವಿವರಿಸಿದೆ. ಅವನು ಹುಬ್ಬೇರಿಸಿದ. "ಅಂದರೆ ಅಪ್ಪ ಒಳ್ಳೆಯ ಕೆಲಸಗಾರನಾದರೆ ಅಪರಾಧಿ, ಕೆಟ್ಟ ಕೆಲಸಗಾರನಾದರೆ ನಿರಪರಾಧಿ?"

"ಹೆಚ್ಚುಕಡಿಮೆ ಹಾಗೆಯೇ" ಎಂದೆ.

ಅವನು ಅದನ್ನು ತಂದೆಗೆ ಹೇಳಿದ. ಟೋಪಿಯ ಅಂಚನ್ನು ತಿರುಗಿಸುತ್ತಿದ್ದ ಮುದುಕರ ಬೆರಳುಗಳ ಗಂಟುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಆಮೇಲೆ ಮಾತಾಡತೊಡಗಿದರು. ಮಗನನ್ನು ನೋಡಲಿಲ್ಲ, ಒಂದು ಶಬ್ದವೂ ಅರ್ಥವಾಗದ ನನ್ನನ್ನು ನೋಡಿಕೊಂಡು ಮಾತಾಡಿದರು. ಮಗನೆದುರು ಆಡಲಾಗದ್ದನ್ನು ಪರಕೀಯನೆದುರು ಆಡಬಹುದು, ಅದು ನನಗೂ ಗೊತ್ತಿದ್ದ ವಿಷಯ. ಮುಗಿಸಿದಾಗ ಎತಿಯೆನ್ ಕೂಡಲೇ ಅನುವಾದಿಸಲಿಲ್ಲ. ಅಧಿಕಾರಿ ತನ್ನ ಕಾಫಿಯ ಬಟ್ಟಲು ಖಾಲಿಮಾಡಿ ಕಾದ. ನಾನು ಎತಿಯೆನ್‌ನ ತೋಳು ಮುಟ್ಟಿದೆ.

"ತಾನಾಗಿ ಆಯಿತಂತೆ" ಎಂದ ಅವನು. "ಹಿಂದಿನ ಚಳಿಗಾಲದಲ್ಲಿ ಭುಜ ಮೇಲೇಳುತ್ತಿರಲಿಲ್ಲವಂತೆ. ಕ್ಯಾನ್ ಎತ್ತಲು ಆಗಲಿಲ್ಲವಂತೆ. ಯಾರನ್ನಾದರೂ ಕರೆದರೆ ಊರಿಗೆಲ್ಲ ತಿಳಿಯುತ್ತದೆ ಎಂದು ಕರೆಯಲಿಲ್ಲ. ಆಮೇಲಾಮೇಲೆ ಕೆಳಗೆ ಇಳಿಯುವುದನ್ನೇ ಬಿಟ್ಟರಂತೆ. ಒಂದು ಪೀಪಾಯಿಯಲ್ಲ ಹಮೀದ್. ಆ ಸಾಲು ಪೂರ್ತಿ ಹೋಗಿದೆ. ಒಂದು ವರ್ಷದ ವೈನು." ಸ್ವಲ್ಪ ತಡೆದು, "ಪ್ಯಾರಿಸಿನ ಯಾವ ಹೋಟೆಲಿನವರೂ ಕೇಳಿಲ್ಲ" ಎಂದ.

ಇಷ್ಟನ್ನೂ ನಾನು ಅರಬಿಯಲ್ಲಿ ಹೇಳಲು ಹೋಗಲಿಲ್ಲ. ತಾನಾಗಿ ಆಯಿತು, ಎಂದೆ ಅಷ್ಟೇ. ಅಧಿಕಾರಿಯ ಮುಖ ಅರಳಿತು. "ಅಲ್‌ಹಮ್ದುಲಿಲ್ಲಾಹ್!" ಎಂದು ಎದ್ದು, ಬಿರಡೆಯನ್ನು ತಾನೇ ಒತ್ತಿ, ಬಾಟಲಿಯನ್ನು ಕಾಲುಚೀಲದೊಳಗೆ ಸೇರಿಸಿ, ಮುದುಕರ ಎರಡೂ ಕೈ ಹಿಡಿದು ಕುಲುಕಿದ. "ಮಬ್ರೂಕ್, ಯಾ ಹಾಜಿ, ಮಬ್ರೂಕ್!" ನಿಷ್ಕಲ್ಮಷವಾದ ಸಂತೋಷ ಅವನದು. ಅಭಿನಂದನೆಯ ಮಾತೊಂದು ಇಷ್ಟು ತಪ್ಪು ಜಾಗದಲ್ಲಿ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುದುಕರು ಸೌಜನ್ಯದಿಂದ ತಲೆಬಾಗಿದರು.

ಆ ವಿನೆಗರಿನ ರುಚಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸಾಗುವುದಿಲ್ಲ. ಅದೇ ವಾರ ರೂಮಿನಲ್ಲಿ ನನ್ನ ಸರದಿಯ ದಿನ ಬಂಗುಡೆಗೆ ಮಸಾಲೆಯ ಜೊತೆ ಅದನ್ನು ಹಚ್ಚಿ ಹುರಿದೆ. "ಎಂತ ಹಾಕಿದ್ದು ಮಾರಾಯ ಇದಕ್ಕೆ? ದಿನಾ ನೀನೇ ಮಾಡು" ಎಂದರು ರೂಮಿನವರು. ಹುಳಿಯ ಹಿಂದೆ ಎಲ್ಲೋ ಜೇನಿನ ನೆನಪು ಇತ್ತು. ಅದು ಇಪ್ಪತ್ತು ವರ್ಷದ ನಂತರ ಏನಾಗಬೇಕಿತ್ತು ಎಂಬುದು ನನ್ನಂಥ ಕುಡಿಯದವನ ನಾಲಗೆಗೂ ಸ್ವಲ್ಪ ತಿಳಿಯಿತು. ತಿಳಿದು ಬೇಸರವಾಯಿತು.

ವಿಮಾನ ನಿಲ್ದಾಣದಿಂದ ಗಾಡಿ ಓಡಿಸಿದವನು ನಾನು. ಮುದುಕರು ನನ್ನ ಪಕ್ಕದಲ್ಲಿ, ಎತಿಯೆನ್ ಹಿಂದೆ. ಎರಡೂ ಕಡೆ ಮರಳು, ಕ್ರೇನುಗಳು, ಅರ್ಧ ಎದ್ದ ಕಟ್ಟಡಗಳು. ಬಹಳ ದೂರ ಬಂದ ಮೇಲೆ ಮುದುಕರು ಏನೋ ಕೇಳಿದರು. ಎತಿಯೆನ್ ಮುಂದೆ ಬಾಗಿ, "ಆ ಮನುಷ್ಯ ಕೈಕುಲುಕುವಾಗ ಏನಂದ ಎಂದು ಕೇಳುತ್ತಿದ್ದಾರೆ" ಎಂದ.

ನಾನು ಕನ್ನಡಿಯಲ್ಲಿ ಅವನ ಮುಖ ನೋಡಿದೆ. "ಅಭಿನಂದನೆ ಎಂದ" ಎಂದೆ.

ಎತಿಯೆನ್ ತಂದೆಯ ಹೆಗಲ ಮೇಲೆ ಕೈಯಿಟ್ಟು ಹೇಳತೊಡಗಿದ. ಒಂದು ಶಬ್ದದ ಅನುವಾದಕ್ಕೆ ಅಷ್ಟು ಮಾತು ಬೇಕಾಗುವುದಿಲ್ಲ. ಮುದುಕರು ತಿರುಗಿ ನೋಡಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತಿದ್ದವರು ಒಮ್ಮೆ ಟೋಪಿಯಿಂದ ಮುಖ ಒರೆಸಿಕೊಂಡು, ಒರಟಾಗಿ ಒಂದು ಪ್ರಶ್ನೆ ಹಾಕಿದರು. ಮಗ ಗಟ್ಟಿಯಾಗಿ ನಕ್ಕ.

"ಏನಂದೆ ಅವರಿಗೆ?" ಎಂದು ಕೇಳಿದೆ.

"ಕೊಯ್ಲಿಗೆ ಬರುತ್ತೇನೆ, ಬಂದವನು ಅಲ್ಲೇ ಇರುತ್ತೇನೆ ಎಂದೆ. ಪೆನ್ಸಿಲ್ ಹಿಡಿದವನಿಗೆ ಕ್ಯಾನ್ ಎತ್ತಲು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ. ಹಮೀದ್, ಈ ದೇಶ ಬಿಟ್ಟು ಹೋಗುವ ನನ್ನ ಫೈನಲ್ ಎಕ್ಸಿಟ್ ಕೆಲಸ ನಾಳೆಯೇ ಶುರುಮಾಡುತ್ತೀಯಾ?"

ಆಯಿತು ಎಂದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನಿಜ ಹೇಳಬೇಕಾದರೆ ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ತಾನು ಇಲ್ಲದ್ದರಿಂದ ಒಂದು ಸಾಲು ಪೀಪಾಯಿ ಕೆಟ್ಟುಹೋದಂಥ ಮನೆ ಅವನಿಗಿತ್ತು. ನಾನು ಸ್ಟೇರಿಂಗ್ ಹಿಡಿದುಕೊಂಡು, ನಾನಿಲ್ಲದೆ ನಮ್ಮ ಮನೆಯಲ್ಲಿ ಕೆಟ್ಟದ್ದು ಏನಾದರೂ ಉಂಟೇ ಎಂದು ಹುಡುಕತೊಡಗಿದೆ. ಬಾವಿಯ ಪಂಪು ಜುಬೇದಾ ರಿಪೇರಿ ಮಾಡಿಸಿದ್ದಳು. ಮಗಳ ಕಾಲೇಜು ಸೇರಿಸುವ ಕೆಲಸ ಅವಳೇ ಓಡಾಡಿ ಮುಗಿಸಿದ್ದಳು. ಮಾಡಿನ ಹಂಚು ಮಳೆಗೆ ಮೊದಲೇ ಹೊಸತಾಗಿತ್ತು. ಒಲಾಯಾ ಬರುವವರೆಗೂ ಹುಡುಕಿದೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು.